ಕಥೆಯ ಸೀಮೆಯನ್ನು ಒಮೇಗಾ ಸೆಂಟಾರಿಯಲ್ಲಿ ಇಡಬಹುದಾ?

ಪ್ರಶ್ನೆ: ಕಥಾಸರಣಿಗೆ ಒಮೇಗಾ ಸೆಂಟಾರಿ ಗೋಳಗುಚ್ಛದ (ನಕ್ಷತ್ರಗಳು ಉಂಡೆಯ ಹಾಗೆ ಒತ್ತಾಗಿ ಸೇರಿದ ಗುಂಪು) ನಡುವೆ ‘ಇರುಳಿಲ್ಲದ ಸೀಮೆ’ ಕಟ್ಟುತ್ತಿದ್ದೇನೆ. ಹನ್ನೆರಡು ನಕ್ಷತ್ರ, ಒಂದೇ ರಾಜ್ಯ, ಅಪ್ಪಣೆ ಭೂಮಿಯಿಂದ. ನಕ್ಷೆ, ಇತಿಹಾಸ ಹೇಗೆ ಹೊಂದಿಸೋದು?

ಉತ್ತರ 1: ಭೂಮಿಯನ್ನು ಬಿಟ್ಟುಬಿಡಿ ಸರ್. ಗುಚ್ಛ ಸುಮಾರು 17,000 ಜ್ಯೋತಿರ್ವರ್ಷ ದೂರ, ಅಪ್ಪಣೆ ತಲುಪೋಕೇ ಅಷ್ಟು ವರ್ಷ. ಒಳಗಿನ ಲೆಕ್ಕ ಬೇರೆ. ನಟ್ಟನಡುವೆ ನಕ್ಷತ್ರಗಳ ಅಂತರ ಸರಾಸರಿ 0.1 ಜ್ಯೋತಿರ್ವರ್ಷ. ರೇಡಿಯೊ ಸಂದೇಶಕ್ಕೆ 36–37 ದಿನ ಸಾಕು. ಬೆಳಕಿನ ವೇಗದ ನೂರನೇ ಒಂದು ಪಾಲಿನಲ್ಲಿ ಸಾಗುವ ನೌಕೆಗೆ 10 ವರ್ಷ. ದಂಗೆಯ ಸುದ್ದಿ ತಿಂಗಳಲ್ಲಿ ಮುಟ್ಟಿದರೂ ದಂಡು ಬರೋದು ದಶಕದ ಮೇಲೆ. ನಿಮ್ಮ ಇತಿಹಾಸ ಹುಟ್ಟಬೇಕಾದ್ದು ಈ ಅಂತರದಲ್ಲೇ.

ಉತ್ತರ 2: ನಕ್ಷೆ ಚಪ್ಪಟೆಯಾದರೆ ದೂರಗಳೆಲ್ಲ ತಪ್ಪುತ್ತವೆ. ಪ್ರತಿ ನಕ್ಷತ್ರಕ್ಕೂ ಉದ್ದ, ಅಗಲ, ಎತ್ತರ ಅಂತ ಮೂರು ಅಳತೆ ಕೊಡಿ. ಎರಡು ನಕ್ಷತ್ರಗಳ ನಡುವೆ ಹಾಳೆಯ ಮೇಲೆ 0.05, ಎತ್ತರದ ವ್ಯತ್ಯಾಸ 0.12 ಇದ್ದರೆ ನಿಜದೂರ 0.13 ಜ್ಯೋತಿರ್ವರ್ಷ. ಗ್ರಹಗಳು ಚಿಕ್ಕ ಕೆಂಪು ನಕ್ಷತ್ರಕ್ಕೆ ತೀರ ಹತ್ತಿರ ಇರಲಿ, ದೂರದವನ್ನು ಪಕ್ಕದಲ್ಲಿ ಹಾಯುವ ನಕ್ಷತ್ರಗಳು ಕಿತ್ತೆಸೆಯುತ್ತವೆ. ಹಳೆಯ ಗುಚ್ಛ, ಕಬ್ಬಿಣದಂಥ ಭಾರಧಾತುಗಳು ಕಡಿಮೆ. ಕಬ್ಬಿಣಕ್ಕಾಗಿ ಯುದ್ಧ ಅಂದರೆ ಓದುಗರು ನಂಬುತ್ತಾರೆ.

ಉತ್ತರ 1: ಒಮ್ಮೆ ನೋಡಿಯೂ ಬರೆಯಿರಿ. ಮೇ ಮಧ್ಯದಲ್ಲಿ ರಾತ್ರಿ 10ರ ಸುಮಾರಿಗೆ ಬೆಂಗಳೂರಿನಿಂದ ನೋಡಿದರೆ ದಕ್ಷಿಣಕ್ಕೆ, ದಿಗಂತದಿಂದ 30 ಡಿಗ್ರಿ ಮೇಲೆ. 10×50 ಬೈನಾಕ್ಯುಲರ್‌ನಲ್ಲಿ ಮಸುಕು ಉಂಡೆಯ ಹಾಗೆ ಕಾಣುತ್ತೆ.