ಅಪ್‌ಡೇಟ್: ಅಜ್ಜಿಯ ಬೆಳ್ಳಿ ರೂಪಾಯಿಗಳಿಗೆ ಬೆಲೆ ಕಟ್ಟಿಸಿದೆ

ಅಜ್ಜಿಯ ಟ್ರಂಕಿನಲ್ಲಿ ಸಿಕ್ಕ ಬ್ರಿಟಿಷ್ ಕಾಲದ ರೂಪಾಯಿಗಳು ಎಷ್ಟಕ್ಕೆ ಹೋಗಬಹುದು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಕಾಕಾನ ಜೊತೆ ಗದಗಿನ ಸರಾಫ ಬಜಾರಕ್ಕೆ ಹೋಗಿದ್ದೆ, ಆಮೇಲೆ ಹುಬ್ಬಳ್ಳಿಯಲ್ಲಿ ನಾಣ್ಯ ಕೂಡಿಡುವ ಒಬ್ಬ ಹಿರಿಯರಿಗೂ ತೋರಿಸಿದೆ.

ಸರಾಫರು ನೋಡಿದ್ದು ತೂಕ ಮಾತ್ರ. ಹಳೆಯ ರೂಪಾಯಿ 11.66 ಗ್ರಾಂ, ಅದರಲ್ಲಿ ಸುಮಾರು ಶೇ. 91.7 ಬೆಳ್ಳಿ. ಆದರೆ ಯುದ್ಧದ ಕಾಲದ 1944ರ ರೂಪಾಯಿಯಲ್ಲಿ ಅರ್ಧ ಮಾತ್ರ ಬೆಳ್ಳಿ. 1947ರದ್ದಂತೂ ನಿಕ್ಕಲ್ಲು, ಅದನ್ನು ತಕ್ಕಡಿಗೇ ಹಾಕಲಿಲ್ಲ!

ಹಿರಿಯರ ಲೆಕ್ಕವೇ ಬೇರೆ. ನಾವೆಲ್ಲ ಆಸೆ ಇಟ್ಟುಕೊಂಡಿದ್ದು ವಿಕ್ಟೋರಿಯಾ ರಾಣಿಯ ಮುಖ ಇರುವ 1862ರ ರೂಪಾಯಿ ಮೇಲೆ. ಅದೇ ಇಸವಿ ಹಾಕಿ 1874ರವರೆಗೂ ಟಂಕಿಸಿದ್ದಾರಂತೆ, ಹಾಗಾಗಿ ಬೇಕಾದಷ್ಟಿವೆ. ಅವರು ಭೂತಗನ್ನಡಿ ಹಿಡಿದು ಹಿಂಬದಿಯ ಸಣ್ಣ ಚುಕ್ಕೆಗಳನ್ನು ಎಣಿಸಿದರು. ಯಾವ ಟಂಕಸಾಲೆ, ಯಾವ ಬಗೆ ಅನ್ನೋದು ಅದರಿಂದ ತಿಳಿಯುತ್ತದೆ, ಬೆಲೆಯೂ ಅದರ ಮೇಲೆ. ನಮ್ಮದು ಮಾಮೂಲಿ ಬಗೆ. ಮೇಲಾಗಿ ಸರಕ್ಕೆ ಹಾಕಲು ಕೊಂಡಿ ಬೆಸೆದು ಕಿತ್ತ ಗಾಯ ಅಂಚಿನಲ್ಲಿದೆ. ಅಜ್ಜಿ ಕೊರಳಿಗೆ ಹಾಕಿಕೊಂಡಿದ್ದಳು, ಏನು ಮಾಡೋದು!

1911ರದ್ದು ಒಂದು ಬಂತು. ಅದರ ಮೇಲಿನ ರಾಜ ಐದನೇ ಜಾರ್ಜನ ಮೇಲಂಗಿಯಲ್ಲಿರುವ ಆನೆ ಹಂದಿಯಂತೆ ಕಾಣುತ್ತದೆ ಅಂತ ಗಲಾಟೆಯಾಗಿ ವಾಪಸ್ ಪಡೆದ ನಾಣ್ಯವದು. ಇದಕ್ಕೆ ಬೆಳ್ಳಿಗಿಂತ ಜಾಸ್ತಿ ಬೆಲೆ ಸಿಗುತ್ತದೆ. ಕಪ್ಪಾಗಿದೆ ಅಂತ ಅವ್ವ ಹುಣಸೆಹಣ್ಣು ಹಚ್ಚಿ ತಿಕ್ಕಲು ಹೊರಟಿದ್ದಳು, ಸದ್ಯ ತಡೆದೆ. ತಿಕ್ಕಿದರೆ ಸಂಗ್ರಾಹಕರು ಮುಟ್ಟೋದಿಲ್ಲ.

1944ರವನ್ನು ತೂಕಕ್ಕೆ ಕೊಟ್ಟೆವು. 1911ರದ್ದು ಮಾರೋದಿಲ್ಲ ಅಂತ ಕಾಕಾ ಹಟ ಹಿಡಿದಿದ್ದಾನೆ.