ಅಪ್‌ಡೇಟ್: ಮಸಾಯಿ ಮಾರಾ ನೋಡಿ ಬಂದೆವು

ಕೀನ್ಯಾದ ವನ್ಯಜೀವಿ ಧಾಮ ಮಸಾಯಿ ಮಾರಾದ ಸಫಾರಿಗೆ ಏನೇನು ತಯಾರಿ ಬೇಕು ಅಂತ ಎರಡು ತಿಂಗಳ ಹಿಂದೆ ಕೇಳಿದ್ದೆ. ನಾನು, ತಂಗಿ ಹೋಗಿ ಬಂದೆವು.

ಹಳದಿ ಜ್ವರದ ಲಸಿಕೆ ನೆನಪಿಸಿದವರಿಗೆ ದೊಡ್ಡ ಥ್ಯಾಂಕ್ಸ್. ಹೊರಡುವ 10 ದಿನ ಮೊದಲಾದರೂ ಹಾಕಿಸಿರಬೇಕು. ವಾಪಸ್ ಬೆಂಗಳೂರಿನಲ್ಲಿ ಇಳಿದಾಗ ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಹಳದಿ ಪುಸ್ತಕವನ್ನೇ ಮೊದಲು ಕೇಳಿದರು.

ಎಡವಿದ್ದು ಬ್ಯಾಗಿನ ವಿಷಯದಲ್ಲಿ. ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಮಾರಾಗೆ ಹೋದ ಪುಟ್ಟ ವಿಮಾನದಲ್ಲಿ ತಲೆಗೆ 15 ಕೆಜಿ ಅಷ್ಟೇ, ಅದೂ ಮೆತ್ತನೆ ಬ್ಯಾಗೇ ಆಗಬೇಕು. ತಂಗಿ ತಂದಿದ್ದು ಗಟ್ಟಿ ಸೂಟ್‌ಕೇಸ್! ಕೌಂಟರ್ ಮುಂದೆ ನೆಲದ ಮೇಲೆ ಕೂತು ಬಿಚ್ಚಿ, ಅರ್ಧ ಬಟ್ಟೆ ನನ್ನ ಬ್ಯಾಗಿಗೆ ತುರುಕಿದೆವು. ಉಳಿದದ್ದು ನೈರೋಬಿಯಲ್ಲೇ ಉಳಿಯಿತು. ಚಕ್ಕುಲಿ ಡಬ್ಬಿ ಮಾತ್ರ ಅವಳು ಬಿಡಲಿಲ್ಲ.

ಆಫ್ರಿಕಾ ಅಂದರೆ ಸುಡುಬಿಸಿಲು ಅಂದುಕೊಂಡಿದ್ದೆ. ಮಾರಾ ಸುಮಾರು 1,500 ಮೀಟರ್ ಎತ್ತರದಲ್ಲಿದೆ, ಬೆಳಿಗ್ಗೆ ಆರಕ್ಕೆ ತೆರೆದ ಜೀಪಿನಲ್ಲಿ ಹಲ್ಲು ಕಟಕಟ. ಸ್ವೆಟರ್ ಬೇಕೇ ಬೇಕು. ಪ್ಲಾಸ್ಟಿಕ್ ಕವರ್ ಅಲ್ಲಿ 2017ರಿಂದಲೇ ನಿಷೇಧ, ಬಟ್ಟೆ ಚೀಲ ಒಯ್ಯಿರಿ.

ಇನ್ನೊಂದು, ಬೈನಾಕ್ಯುಲರ್ ಒಬ್ಬರಿಗೊಂದು ಇರಲಿ. ಮರದ ಮೇಲೆ ಚಿರತೆ ಬಾಲ ಇಳಿಬಿಟ್ಟು ಮಲಗಿತ್ತಂತೆ. ತಂಗಿ ನೋಡಿ ನನ್ನ ಕೈಗೆ ಕೊಡುವಷ್ಟರಲ್ಲಿ ಬರೀ ಕೊಂಬೆ.