ಬೆನ್ನುಹುರಿಗೆ ಪೆಟ್ಟಾದ ಮೇಲೆ ಮೂತ್ರದ ಹಿಡಿತ: ನರದ ಶಸ್ತ್ರಚಿಕಿತ್ಸೆಯಿಂದ ಉಪಯೋಗವಿದೆಯೇ?

ಪ್ರಶ್ನೆ: ಮರದಿಂದ ಬಿದ್ದು ಎದೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾಗಿರುವ ನನ್ನ ತಮ್ಮನಿಗೆ ನಾಲ್ಕು ಗಂಟೆಗೊಮ್ಮೆ ಕ್ಯಾಥೆಟರ್ (ಮೂತ್ರ ಹೊರತೆಗೆಯುವ ನಳಿಕೆ) ಹಾಕುತ್ತಿದ್ದರೂ ನಡುವೆ ಬಟ್ಟೆ, ಹಾಸಿಗೆ ಒದ್ದೆಯಾಗುತ್ತಿವೆ. ನರಗಳ ಶಸ್ತ್ರಚಿಕಿತ್ಸೆಯಿಂದ ಹಿಡಿತ ಮರಳೀತೇ?

ಉತ್ತರ 1: ಬ್ರಿಟನ್ನಿನ ಶರೀರಶಾಸ್ತ್ರಜ್ಞ ಜೈಲ್ಸ್ ಬ್ರಿಂಡ್ಲಿ 1970ರ ದಶಕದಲ್ಲಿ ರೂಪಿಸಿದ ವಿಧಾನದಲ್ಲಿ ಬೆನ್ನುಹುರಿಯ ಕೆಳತುದಿಯಿಂದ ಹೊರಡುವ ಎಸ್2ರಿಂದ ಎಸ್4ರವರೆಗಿನ ನರಗಳ ಮುಂಬೇರುಗಳಿಗೆ (ಸ್ನಾಯುಗಳಿಗೆ ಆಜ್ಞೆ ಒಯ್ಯುವ ಎಳೆಗಳಿಗೆ) ವಿದ್ಯುತ್ ಹಾಯಿಸುವ ಎಲೆಕ್ಟ್ರೋಡ್ ಜೋಡಿಸಿ, ಸಾಮಾನ್ಯವಾಗಿ ಹಿಂಬೇರುಗಳನ್ನು (ಸಂವೇದನೆ ತರುವ ಎಳೆಗಳನ್ನು) ಕತ್ತರಿಸುತ್ತಾರೆ; ಹೀಗೆ ಕತ್ತರಿಸುವುದರಿಂದ ಮೂತ್ರಕೋಶ ತಾನಾಗಿಯೇ ಹಿಂಡಿಕೊಳ್ಳುವುದು ನಿಲ್ಲುತ್ತದೆ, ಹೊರಗಿನ ಸಾಧನವನ್ನು ಚರ್ಮದ ಮೇಲೆ ಹಿಡಿದು ಚಾಲೂ ಮಾಡಿದಾಗ ಮೂತ್ರ ಬಿಟ್ಟುಬಿಟ್ಟು ಹೊರಬರುತ್ತದೆ. ಆದರೆ ಇದು ಮೆದುಳಿನ ಹಿಡಿತ ಮರಳಿದಂತಲ್ಲ, ಮೂತ್ರಕೋಶಕ್ಕೆ ಹೋಗುವ ನರಗಳೂ ಜೀವಂತವಾಗಿರಬೇಕು.

ಉತ್ತರ 2: ಕತ್ತರಿಸಿದ ಹಿಂಬೇರು ಮತ್ತೆ ಕೂಡುವುದಿಲ್ಲ, ಸ್ಪರ್ಶದಿಂದ ತಾನಾಗಿ ಆಗುವ ಶಿಶ್ನದ ನಿಮಿರುವಿಕೆಯೂ ಹೋಗುತ್ತದೆ ಎಂಬುದನ್ನು ದಯವಿಟ್ಟು ನಿಮ್ಮ ತಮ್ಮನಿಗೆ ಸಂಕೋಚವಿಲ್ಲದೆ ಬಿಡಿಸಿ ಹೇಳಿ; ನಿರ್ಧಾರ ಅವರದೇ ಆಗಿರಲಿ. ಅದಕ್ಕೂ ಮೊದಲು ಮೂತ್ರಕೋಶದ ಒತ್ತಡ ಮತ್ತು ಕೆಲಸವನ್ನು ಅಳೆಯುವ ಯುರೋಡೈನಮಿಕ್ ಪರೀಕ್ಷೆ ಮಾಡಿಸಿ, ಮೂತ್ರಕೋಶದ ಸ್ನಾಯುವನ್ನು ಸಡಿಲಿಸುವ ಮಾತ್ರೆ ಹಾಗೂ ಬೊಟಾಕ್ಸ್ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ.